ಕಟ್ಟೆ ಇಳಿದ ಗುಂಡುಕಲ್ಲು

ಉದ್ಯಾನ ಮಾಡಲೆಂದು ಆ ಬಯಲನ್ನು ಅಳೆಯಲು ಮೊದಲ ಸಲ ಹೋದ ದಿನ ನಾನು ಆ ಕಲ್ಲಿನ ಮೇಲೆಯೇ ಕೂತು ರೊಟ್ಟಿ ತಿಂದಿದ್ದೆ. ಸಿಂಧನೂರಿನ ಹಳೆಯ ಓಣಿಯೊಂದರ ಹಿಂದೆ, ಬೇವಿನ ಮರದ ಬುಡದಲ್ಲಿ, ನೀರಿನ ಕೊಡದಷ್ಟು ಗಾತ್ರದ ಗುಂಡನೆಯ ಕಲ್ಲು. ಬಯಲಿಗೆಲ್ಲ ನೆರಳು ಇದ್ದದ್ದು ಅಲ್ಲೊಂದೇ ಕಡೆ. ಟೇಪಿನ ಇನ್ನೊಂದು ತುದಿ ಹಿಡಿಯಬೇಕಾದವನು ಚಹಾ ಕುಡಿದು ಬರುತ್ತೇನೆಂದು ಹೋಗಿ ಬಹಳ ಹೊತ್ತಾಗಿತ್ತು. ಡಬ್ಬಿ ಬಿಚ್ಚಿ, ಪುಂಡಿಪಲ್ಯ ಹಚ್ಚಿಕೊಂಡು ತಿಂದೆ. ಕಲ್ಲಿನ ಬದಿಯಲ್ಲಿ ನುಣುಪಾದ ತಗ್ಗು ಇತ್ತು, ಕೈಯೂರಿ ಏಳಲು ಅನುಕೂಲವಾಯಿತು. ಎದ್ದು ಕೈ ತೊಳೆದು, ಅಳತೆಯ ಹಾಳೆಯಲ್ಲಿ ಆ ಜಾಗಕ್ಕೆ ಒಂದು ಸಣ್ಣ ಸೊನ್ನೆ ಸುತ್ತಿ ಪಕ್ಕದಲ್ಲಿ 'ಬಿಡಿ ಬಂಡೆ, ತೆಗೆಸುವುದು' ಎಂದು ಬರೆದೆ.

ನನ್ನ ಕೆಲಸ ನಕ್ಷೆ ಬರೆಯುವುದು, ಬರೆದದ್ದು ನೆಲದ ಮೇಲೆ ಹಾಗೆಯೇ ಮೂಡುತ್ತದೋ ಇಲ್ಲವೋ ನಿಂತು ನೋಡುವುದು. ಕಚೇರಿ ಲಿಂಗಸುಗೂರಿನಲ್ಲಿ, ಮನೆಯೂ ಅಲ್ಲೇ. ಬೆಳಗಿನ ಬಸ್ಸಿಗೆ ಮಸ್ಕಿಯವರೆಗೆ ನಿಂತೇ ಹೋಗಬೇಕು. ಮಸ್ಕಿಯಲ್ಲಿ ಒಂದಿಷ್ಟು ಜನ ಇಳಿದ ಮೇಲೆ ಸೀಟು ಸಿಕ್ಕರೆ ಸಿಕ್ಕಿತು. ನನ್ನ ಮೊಣಕಾಲಿಗೆ ಆ ವರ್ಷ ಮಸ್ಕಿ ಎಂದರೆ ಅಷ್ಟೇ ಅರ್ಥ.

ಉದ್ಯಾನ ಎಂದರೆ ನೋಡುವವರಿಗೆ ಹೂವು, ಹುಲ್ಲು. ಮಾಡುವವರಿಗೆ ಮೊದಲು ಮಣ್ಣು, ಆಮೇಲೆ ನೀರು. ಈ ಬಯಲು ಪೂರ್ತಿ ಕಪ್ಪು ಯರಿಮಣ್ಣು. ಬೇಸಿಗೆಯಲ್ಲಿ ಚಪ್ಪಲಿಯ ತುದಿ ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಮಳೆ ಬಿದ್ದರೆ ನಾದಿದ ಹಿಟ್ಟಿನ ಹಾಗೆ ಉಬ್ಬುತ್ತದೆ. ಅದರ ಮೇಲೆ ಏನನ್ನು ಕೂಡಿಸಿದರೂ ಅದು ಸುಮ್ಮನೆ ಕೂಡುವುದಿಲ್ಲ. ಈ ಸಂಗತಿ ನನಗೂ ಗೊತ್ತು, ನಮ್ಮ ಎಂಜಿನಿಯರ್ ಸಾಹೇಬರಿಗೂ ಗೊತ್ತು. ಆದರೆ ಆ ದಿನಗಳಲ್ಲಿ ಅವರ ತಲೆಬಿಸಿ ಬೇರೆಯೇ ಇತ್ತು.

"ಜಾಗದ ಹಳೇ ನೆನಪು ಉಳಿಸಬೇಕು ಅಂತ ಮ್ಯಾಲಿನವರು ಹೇಳ್ಯಾರ್ರಿ ಮೇಡಮ್ಮರ," ಎಂದರು. "ಮಸ್ಕಿಯೊಳಗಾದ್ರ ಶಾಸನ ಐತಿ. ಇಲ್ಲೇನೈತಿ? ಜಾಲಿಮುಳ್ಳು ಐತಿ. ಅದನ್ನ ಉಳಿಸೂಣೇನು?"

ಆ ನೆನಪನ್ನು ತಂದುಕೊಟ್ಟವರು ಓಣಿಯ ನಿವೃತ್ತ ಮಾಸ್ತರರು. ಎರಡನೆಯ ಸಲ ಹೋದಾಗ ನಾನು ಮತ್ತೆ ಡಬ್ಬಿ ಹಿಡಿದು ಅದೇ ಕಲ್ಲಿನ ಮೇಲೆ ಕೂತಿದ್ದೆ. ಮಾಸ್ತರರದು ಬಿಳಿ ಅಂಗಿ, ಕೈಯಲ್ಲಿ ಮಡಿಚಿದ ಕೊಡೆ. ಅವರು ತಮ್ಮ ಮನೆಯ ಕಟ್ಟೆ ಇಳಿದು ನೆಟ್ಟಗೆ ನನ್ನ ಕಡೆಗೇ ಬಂದರು.

"ಅಕ್ಕಾರ, ಅದರ ಮ್ಯಾಲ ಕುಂದ್ರಬಾರದ್ರಿ."

ಗಾಬರಿಯಾಗಿ ಎದ್ದೆ. "ದೇವರೇನ್ರಿ?"

"ದೇವರಾಗಿದ್ರ ಕುಂಕುಮ ಇರ್ತಿದ್ದಿಲ್ಲೇನು? ಇದು ಎತ್ತೂ ಕಲ್ಲು. ನಾ ಸಣ್ಣಾವ ಇದ್ದಾಗ ಇಲ್ಲೊಂದು ತಾಲೀಮು ಇತ್ತು, ಕುಸ್ತಿ ಆಡೋರು. ಅವರು ಇದನ್ನ ನೆಲದಿಂದ ಎತ್ತಿ ಎದಿಗೆ ತಗೊಂಡು, ಹೆಗಲ ಮ್ಯಾಲಿಂದ ಹಿಂದಕ ಒಗೀತಿದ್ರು. ಅಂಥಾ ಗಂಡಸರು ಈಗೆಲ್ಲಿ ಬರಬೇಕು?"

"ನೀವು ಎತ್ತೀರೇನ್ರಿ?"

"ನಾ ಮಾಸ್ತರ ಅದೀನ್ರಿ," ಎಂದು ನಕ್ಕರು. "ಎಣಿಸಾಕ ನಿಂದ್ರತಿದ್ದೆ."

ಕಲ್ಲನ್ನು ಕಸದ ಜೊತೆ ಸಾಗಿಸಬಾರದು, ಚಂದಾಗಿ ಒಂದು ಕಟ್ಟೆ ಕಟ್ಟಿ ಅದರ ಮೇಲೆ ಇಡಬೇಕು, ಕೆಳಗೆ ಅದರ ಚರಿತ್ರೆ ಬರೆಸಬೇಕು, ಬರೆದುಕೊಡುವ ಕೆಲಸ ತಮ್ಮದು ಎಂದರು. ಎಂಜಿನಿಯರ್ ಸಾಹೇಬರಿಗೆ ಹೇಳಿದೆ. ಅವರಿಗೆ ಹೋದ ಉಸಿರು ಬಂದಂತಾಯಿತು. ಬಸ್ಸಿನಲ್ಲಿ ಹಿಂದಿರುಗುವಾಗ ನನಗೂ ಹಿತವೆನಿಸಿತ್ತು. ಒಂದು ಊರಿನ ಹಳೆಯ ವಸ್ತು ಲಾರಿಯಲ್ಲಿ ಹೋಗುವುದು ತಪ್ಪಿತಲ್ಲ. ಹಾಳೆಯಲ್ಲಿ 'ತೆಗೆಸುವುದು' ಎಂಬುದನ್ನು ಹೊಡೆದುಹಾಕಿ ಕಟ್ಟೆಯ ನಕ್ಷೆ ಬರೆದೆ: ಎದೆಯ ಮಟ್ಟದ ಎತ್ತರ, ಒಳಗೆ ಕಾಂಕ್ರೀಟು, ಹೊರಗೆ ಬೂದು ಬಣ್ಣದ ಗ್ರಾನೈಟ್ ಹಲಗೆ, ನೆತ್ತಿಯ ಮೇಲೆ ಕಲ್ಲು ಅಲುಗದಂತೆ ಸಿಮೆಂಟಿನ ಬಟ್ಟಲು, ರಾತ್ರಿ ಕಾಣಲೆಂದು ಕೆಳಗಿನಿಂದ ದೀಪ.

ಕೆಲಸ ನಡೆದದ್ದು ಬಿಸಿಲಿನ ಎರಡು ತಿಂಗಳಲ್ಲಿ. ಹತ್ತು ಗಂಟೆಯಾದರೆ ಕಬ್ಬಿಣದ ಸರಳು ಮುಟ್ಟಲು ಬರುತ್ತಿರಲಿಲ್ಲ. ಹಸಿ ಕಾಂಕ್ರೀಟಿನ ಮೇಲೆ ಗೋಣಿತಟ್ಟು ಹೊದಿಸಿ ನೀರು ಹಾಕಿಸುವುದೇ ನನ್ನ ದಿನವಾಯಿತು. ನಾನು ಬೆನ್ನು ತಿರುಗಿಸಿದರೆ ನೀರು ನಿಲ್ಲುತ್ತಿತ್ತು. ಕಟ್ಟೆಯ ತಳಕ್ಕೆ ಯರಿಮಣ್ಣು ತೆಗೆಸಿ ಗಟ್ಟಿ ಗರಸುಮಣ್ಣು ತುಂಬಿಸಿದೆವು. ಇನ್ನೂ ಆಳಕ್ಕೆ ಹೋಗಬೇಕೆಂದು ನಾನು ಹೇಳಿದ್ದು ನಿಜ. "ಒಂದು ಕಲ್ಲು ಇಡಾಕ ಬಾವಿ ತೋಡೂಣೇನ್ರಿ?" ಎಂದು ಗುತ್ತಿಗೆದಾರರು ನಕ್ಕರು. ಬಿಸಿಲಿಗೆ ವಾದ ಮಾಡುವ ಶಕ್ತಿ ನನಗೂ ಉಳಿದಿರಲಿಲ್ಲ.

ಕಲ್ಲು ಮೇಲೇರಿದ ದಿನ ಕೂಲಿಯವರು ಹಗ್ಗ ಬಿಗಿದು, ಬಿದಿರಿನ ಬೊಂಬಿಗೆ ಹೆಗಲು ಕೊಟ್ಟು ಅದನ್ನು ತಂದರು. ಅವರಲ್ಲೊಬ್ಬ ವಳಕಮದಿನ್ನಿ ಹಳ್ಳಿಯವನು. ಮೂವತ್ತರ ಆಸುಪಾಸು, ಉದ್ದ ಕೈಗಳು, ಮಾತು ಕಡಿಮೆ. ಊರಲ್ಲಿ ನಾಟಿ, ಕಟಾವು ಮಾಡಿಕೊಂಡಿದ್ದವನು ಯಂತ್ರಗಳು ಬಂದ ಮೇಲೆ ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದ. ಅವಳೂ ನಮ್ಮಲ್ಲೇ ಜಲ್ಲಿ ಹೊರುತ್ತಿದ್ದಳು. ಕಟ್ಟೆ ಕಟ್ಟಿದ ಗೌಂಡಿ ಕಲ್ಲನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿ, "ಈ ಕಡಿ ಸವದು ತಗ್ಗು ಬಿದ್ದೈತಿ, ಇದನ್ನ ಕೆಳಗ ಮಾಡ್ರಿ. ಚಂದನ ಮಾರಿ ಮ್ಯಾಲ ಬರಲಿ," ಎಂದ. ಹಾಗೇ ಮಾಡಿದರು. ಸಿಮೆಂಟು ಹಾಕಿ ಸುತ್ತ ಸವರಿ ಒರೆಸಿದರು. ಮಾಸ್ತರರು ತೆಂಗಿನಕಾಯಿ ಒಡೆದರು. ನನಗೂ ಒಂದು ಚೂರು ಕೊಬ್ಬರಿ ಸಿಕ್ಕಿತು.

ಓಣಿಯ ಯಾರೂ ಏನೂ ಅನ್ನಲಿಲ್ಲ. ಅನ್ನಬೇಕಾದವರು ಆಗ ಓಣಿಯಲ್ಲಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಬೇಸಿಗೆ ಬೆಳೆಯ ಭತ್ತ ಬರುವ ಕಾಲ ಅದು. ರೈಸ್ ಮಿಲ್ಲುಗಳ ಮುಂದೆ ಲಾರಿಗಳ ಸಾಲು. ಚೀಲ ಹೊರುವ ಹಮಾಲರು ನಸುಕಿನಲ್ಲಿ ಹೋದರೆ ಕತ್ತಲಾದ ಮೇಲೆ ಮನೆಗೆ.

ಮೊದಲ ಮಳೆ ಜೋರಾಗಿಯೇ ಬಂತು. ಮರುದಿನವೂ ಬಂತು. ಬೆಳಿಗ್ಗೆ ನಾನು ಒಲೆಯ ಮುಂದಿದ್ದಾಗ ಎಂಜಿನಿಯರ್ ಸಾಹೇಬರ ಫೋನು.

"ಮೇಡಮ್ಮರ, ಕಟ್ಟಿ ವಾಲೈತಂತ."

ಹಂಚಿನ ಮೇಲಿನ ರೊಟ್ಟಿ ಕರಕಲಾಗುವವರೆಗೆ ಫೋನು ಹಿಡಿದು ನಿಂತಿದ್ದೆ. ಸೈಟಿಗೆ ಹೋಗಿ ನೋಡಿದರೆ ನಿಜವೇ. ಬಯಲಿನ ಅಂಚಿನ ಕಾಲುವೆ ಕಡೆಯ ಮಣ್ಣು ನೀರು ಕುಡಿದು ಉಬ್ಬಿ ಕಟ್ಟೆಯನ್ನು ಒಂದು ಬದಿಯಿಂದ ಎತ್ತಿತ್ತು. ಗ್ರಾನೈಟ್ ಹಲಗೆಗಳ ಸಂದು ಬಾಯಿ ಬಿಟ್ಟಿತ್ತು. ಮೇಲಿನ ಕಲ್ಲು ಮಾತ್ರ ಸಿಮೆಂಟಿನ ಬಟ್ಟಲಲ್ಲಿ ಗಟ್ಟಿಯಾಗಿ ಕೂತು, ಕಟ್ಟೆಯ ಜೊತೆಗೇ ಓರೆಯಾಗಿತ್ತು. ತೂಗುಗುಂಡು ಇಳಿಬಿಟ್ಟು ಅಳೆದೆ. ಅಳೆಯುವ ಅಗತ್ಯವೇನೂ ಇರಲಿಲ್ಲ, ಬರಿಗಣ್ಣಿಗೇ ಕಾಣುತ್ತಿತ್ತು. ಆದರೆ ಕೈಗೆ ಏನಾದರೂ ಕೆಲಸ ಬೇಕಿತ್ತು.

ಇನ್ನೂ ತೂಗುಗುಂಡಿನ ದಾರ ಸುತ್ತಿಕೊಳ್ಳುತ್ತಿದ್ದಾಗಲೇ ಹಿಂದಿನಿಂದ ದೊಡ್ಡ ದನಿ ಕೇಳಿಸಿತು.

"ನಮ್ಮ ಕಲ್ಲು ಯಾರ್ರೀ ಮ್ಯಾಲ ಹತ್ತಿಸಿದೋರು?"

ಅರವತ್ತರ ಗಟ್ಟಿ ಆಳು. ತಲೆಗೆ ಟವೆಲ್ಲು, ಕುರುಚಲು ಬಿಳಿ ಗಡ್ಡ, ಒಂದು ಹೆಗಲು ಇನ್ನೊಂದಕ್ಕಿಂತ ಕೆಳಗೆ. ಓಣಿಯ ಹಮಾಲರ ಟೋಳಿಯ ಮುಕಾದಮ. ಯಾವ ಮಿಲ್ಲಿಗೆ ಯಾರು ಹೋಗಬೇಕು, ಯಾರು ಬೇಡ ಎಂದು ಹೇಳುವವರು ಇವರೇ. ಸುಗ್ಗಿಯ ಕೆಲಸ ಮುಗಿದು ಅಂದಷ್ಟೇ ಬಿಡುವಾಗಿದ್ದರು. ಹಿಂದೆ ನಾಲ್ಕಾರು ಹಮಾಲರು. ಅವರಿಗೂ ಹಿಂದೆ, ಬೇವಿನ ಮರದ ಪಕ್ಕ, ನಮ್ಮ ವಳಕಮದಿನ್ನಿಯವನು ತಲೆ ತಗ್ಗಿಸಿ ನಿಂತಿದ್ದ.

"ಚಂದಾಗಿ ಇರಲಿ ಅಂತ ಇಟ್ಟೀವ್ರಿ," ಎಂದೆ. "ಹಳೇ ಕಾಲದ್ದು, ಹಾಳಾಗಬಾರದು ಅಂತ."

"ಹಳೇ ಕಾಲದ್ದು?" ಮುಕಾದಮರು ತಮ್ಮವರ ಕಡೆ ತಿರುಗಿದರು. "ಅರೆ, ಕೇಳ್ರಿಲೇ, ನಾವೆಲ್ಲಾ ಸತ್ತೀವಂತ." ಹಮಾಲರು ನಕ್ಕರು. ಅವರು ನಗಲಿಲ್ಲ. "ಅಕ್ಕಾರ, ಕಾರಹುಣ್ಣಿವಿ ಬಂತು. ಹೋದ ವರ್ಷ ಎತ್ತೀವಿ, ಅದರ ಹಿಂದಿನ ವರ್ಷ ಎತ್ತೀವಿ. ಟೋಳಿಗೆ ಹೊಸಬನ್ನ ತಗೋಬೇಕಂದ್ರ ಅವ ಕಾರಹುಣ್ಣಿವಿ ದಿನ ಈ ಕಲ್ಲು ಎತ್ತಿ ಒಗೀಬೇಕು. ನಾ ಹಂಗ ಬಂದಾವ. ನಮ್ಮಪ್ಪ ಮುಕ್ಕುಂದದಿಂದ ಬಂದಾಗ ಹಂಗ ಬಂದಾನ. ಈ ವರ್ಷ ಇವ ಅದಾನ." ಹೆಬ್ಬೆರಳಿನಿಂದ ಬೇವಿನ ಮರದ ಕಡೆ ತೋರಿಸಿದರು. "ಇವ ಈಗೇನು ಎತ್ತಬೇಕು? ನಿಮ್ಮ ಕಟ್ಟೀನ?"

ಬೇರೆ ಕಲ್ಲು ತಂದರಾಗದೇ ಎಂದು ಕೇಳಿದೆ. ಕೇಳಬಾರದಿತ್ತು.

"ತಂದ್ರಾತು. ನೀವ ಒಂದು ಆರಿಸಿ ತರ್ರಿ. ಆಮ್ಯಾಲೆ ಇವ ಮಿಲ್ಲಿನ್ಯಾಗ ಚೀಲ ಕೆಡವಿ ಮುಂದಿನವನ ಕಾಲು ಮುರದ್ರ, ಅಕ್ಕಾರ ಕಲ್ಲು ಹಗುರ ಇತ್ತು ಅಂತೀನಿ." ದನಿ ಸ್ವಲ್ಪ ಇಳಿಸಿದರು. "ಒಬ್ಬ ಚೀಲ ಬಿಟ್ರ ಇನ್ನೊಬ್ಬಂದು ನಡ ಹೋಗತೈತ್ರಿ. ನಾ ಯಾರಿಗೂ ಬಾಯಿ ಮಾತಿನ ಮ್ಯಾಲ ತಗೊಂಡಿಲ್ಲ. ಕಲ್ಲು ಹೂಂ ಅಂದ್ರ ಹೂಂ. ಇಲ್ಲಂದ್ರ ಬರೂ ವರ್ಷ."

ಬರುವ ವರ್ಷದವರೆಗೆ ಎಂದರೆ ಏನು ಅರ್ಥವೆಂದು ನನಗೆ ಗೊತ್ತಿತ್ತು. ನಮ್ಮ ಕೆಲಸ ಮುಗಿಯುತ್ತ ಬಂದಿತ್ತು. ಟೋಳಿ ಸೇರಿದರೆ ವರ್ಷಪೂರ್ತಿ ಕೆಲಸ, ಕಾಯಿಲೆ ಬಿದ್ದರೆ ನಾಲ್ಕು ಜನ ಕೇಳುವವರು. ಸೇರದಿದ್ದರೆ ಗಂಡಹೆಂಡತಿ ಮತ್ತೆ ಬೆಳಗಾದರೆ ಸರ್ಕಲ್ಲಿನಲ್ಲಿ ನಿಂತು, ಯಾರು ಕರೆದಾರೆಂದು ದಾರಿ ನೋಡಬೇಕು.

ಎಲ್ಲರೂ ಹೋದ ಮೇಲೆ ಅವನನ್ನು ಕರೆದೆ. "ಮೊದಲ ಹೇಳಬೇಕಿಲ್ಲೇನಪಾ? ಮ್ಯಾಲ ಹೊತ್ತಾವ ನೀನ."

"ನನಗೇನ್ ಗೊತ್ರಿ ಅಕ್ಕಾರ," ಎಂದ. "ಕಲ್ಲು ಎತ್ತಬೇಕು ಅಂತ ಮುಕಾದಮರು ಹೇಳಿದ್ರು. ಯಾವ ಕಲ್ಲು ಅಂತ ನಾನೂ ಕೇಳಲಿಲ್ಲ. ಎಲ್ಲೋ ಗುಡಿ ಮುಂದ ಇರಬೇಕು ಅನಕೊಂಡಿದ್ದೆ." ಓರೆಯಾದ ಕಟ್ಟೆಯ ಕಡೆ ತಿರುಗಿದ. "ಹೊರೂ ದಿನಾನ ನನಗ ಅನಿಸಿತ್ರಿ, ಭಾಳ ತೂಕ ಐತಿ ಅಂತ."

ಜಲ್ಲಿಯ ಬುಟ್ಟಿ ಇಳಿಸಿದ ಅವನ ಹೆಂಡತಿ ಅಲ್ಲಿಂದಲೇ ಅಂದಳು: "ತನ್ನ ಅನ್ನದ ಮ್ಯಾಲ ತಾನ ಸಿಮಿಟಿ ಹಾಕ್ಯಾನ್ರಿ ಅಕ್ಕಾರ. ಇಂಥಾವಂಗ ಕೊಟ್ಟಾರ ನನ್ನ."

ಮರುದಿನ ಕಚೇರಿಯಲ್ಲಿ ಕೂತೆ. ಎಂಜಿನಿಯರ್ ಸಾಹೇಬರ ಆದೇಶ ಸ್ಪಷ್ಟವಿತ್ತು. ಕಟ್ಟೆ ಒಡೆದು, ಆಳಕ್ಕೆ ಕೊರೆದು, ಗಟ್ಟಿ ನೆಲ ಸಿಗುವವರೆಗೆ ಕಾಂಕ್ರೀಟಿನ ಕಂಬ ಇಳಿಸಿ, ಅದರ ಮೇಲೆ ಹೊಸದಾಗಿ ಕಟ್ಟಬೇಕು. ತಪ್ಪು ಹೇಳಿರಲಿಲ್ಲ. ಯರಿಮಣ್ಣಿನಲ್ಲಿ ಒಂದು ವಸ್ತು ಓರೆಯಾಗದಂತೆ ನಿಲ್ಲಿಸಬೇಕಾದರೆ ದಾರಿ ಅದೇ. ನಕ್ಷೆ ಬರೆಯತೊಡಗಿದೆ. ಕರೆಂಟು ಹೋಗಿತ್ತು, ಫ್ಯಾನು ನಿಂತಿತ್ತು, ಹಾಳೆ ಮೊಣಕೈಗೆ ಅಂಟುತ್ತಿತ್ತು. ಕಂಬದ ಆಳ ಬರೆದೆ, ಸರಳಿನ ದಪ್ಪ ಬರೆದೆ. ಮೇಲೆ ಕಲ್ಲಿನ ಸೊನ್ನೆ ಸುತ್ತಬೇಕು, ಅಲ್ಲಿ ಪೆನ್ಸಿಲು ನಿಂತಿತು.

ದೊಡ್ಡ ವಿಚಾರವೇನೂ ಹೊಳೆಯಲಿಲ್ಲ. ದಣಿವಾಗಿತ್ತು. ಅಲುಗದಂತೆ ಮಾಡಲು ಇಷ್ಟೆಲ್ಲ ಮಾಡುತ್ತಿದ್ದೇನಲ್ಲ, ಅಲುಗದಿದ್ದರೆ ಇದರಿಂದ ಯಾರಿಗೆ ಉಪಯೋಗ ಎಂದು ಅನ್ನಿಸಿತು. ಆ ಮಣ್ಣಿಗೆ ಉಬ್ಬುವುದೇ ಸ್ವಭಾವವಾದರೆ, ಉಬ್ಬಿದರೂ ಇಳಿದರೂ ಕೆಡದಂಥದ್ದು ಏನು ಮಾಡಬಹುದು? ಉಸುಕು. ಉಸುಕಿಗೆ ಮಟ್ಟ ತಪ್ಪುವ ಭಯವಿಲ್ಲ. ತಪ್ಪಿದರೆ ಸಲಿಕೆಯಿಂದ ಎಳೆದರಾಯಿತು. ಹೊಸ ಹಾಳೆ ತೆಗೆದು ದುಂಡಗೆ ಒಂದು ಉಸುಕಿನ ಅಂಗಳ ಬರೆದೆ. ಮೊಣಕಾಲಾಳದ ತಗ್ಗು, ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಉಸುಕು ಸೋರಿಹೋಗದಂತೆ ಬಲೆಬಟ್ಟೆ, ಮೇಲೆ ಹೊಳೆಯ ಉಸುಕು, ಸುತ್ತ ಒಂದು ಸಾಲು ಅಂಚುಗಲ್ಲು. ಕಲ್ಲು ಉಸುಕಿನ ಮೇಲೆ, ಬಿಡಿಯಾಗಿ. ಸಂಜೆಯೊಳಗೆ ಕಳಿಸಿಬಿಟ್ಟೆ. ಇಟ್ಟುಕೊಂಡಿದ್ದರೆ ಮರುದಿನ ಧೈರ್ಯ ಇರುತ್ತಿರಲಿಲ್ಲ.

ಎಂಜಿನಿಯರ್ ಸಾಹೇಬರು ಹಾಳೆ ಹಿಡಿದುಕೊಂಡೇ ಸೈಟಿಗೆ ಬಂದರು. "ಇದೇನ್ರಿ, ಕಂಬ ಕೇಳಿದ್ರ ಉಸುಕು ಬರದೀರಿ? ಹುಡುಗರು ಕಾಲ ಮ್ಯಾಲ ಕೆಡವಿಕೊಂಡ್ರ ಯಾರು ಹೊಣಿ?"

"ಅದನ್ನ ಅಲುಗಾಡಿಸೂ ಹುಡುಗ ಸಿಕ್ರ ಮುಕಾದಮರು ನಾಳೇನ ಟೋಳಿಗೆ ತಗೋತಾರ್ರಿ," ಎಂದೆ.

ಅವರಿಗೆ ನಗು ಬಂತು, ಆದರೆ ಬಿಡಲಿಲ್ಲ. "ಕಳವಾದ್ರ?"

"ಸಾಹೇಬರ, ಕಂಬ ಇಳಿಸಿದ ಮ್ಯಾಲೂ ಸುತ್ತಿನ ನೆಲ ಉಬ್ಬತೈತ್ರಿ. ಕಟ್ಟಿ ನೆಟ್ಟಗ ನಿಂದ್ರತೈತಿ, ಅದರ ಸುತ್ತ ಹಾಸಿದ ಬ್ಲಾಕು ಏಳತಾವು. ವರ್ಷಾ ಮಳಿಗಾಲಕ್ಕ ನಿಮಗ ಫೋನು, ನನಗ ಬಸ್ಸು. ಉಸುಕಾದ್ರ ಆ ಗೋಳಿಲ್ಲ."

ಕೊನೆಗೆ ಅವರನ್ನು ಒಪ್ಪಿಸಿದ್ದು ಇದೇ. ನೆನಪು, ಹಮಾಲರು, ಕಾರಹುಣ್ಣಿಮೆ ಯಾವುದೂ ಅಲ್ಲ. ಮುಂದಿನ ಮಳೆಗಾಲದ ಫೋನು. ಹಾಳೆಯ ಮೇಲೆ ಸಹಿ ಹಾಕಿ, "ಹಬ್ಬದೊಳಗ ಮುಗಸ್ರಿ ಮತ್ತ, ಅರ್ಧಮರ್ಧ ಬ್ಯಾಡ," ಎಂದರು.

ಮಾಸ್ತರರು ಮಾತ್ರ ನೊಂದುಕೊಂಡರು. ಚರಿತ್ರೆಯನ್ನು ದುಂಡಾದ ಅಕ್ಷರದಲ್ಲಿ ಬರೆದು ತಂದಿದ್ದರು, ಕಲ್ಲಿನಲ್ಲಿ ಕೊರೆಸುವುದೊಂದೇ ಬಾಕಿ. "ಮ್ಯಾಲಿದ್ದದ್ದನ್ನ ಕೆಳಗ ಇಳಿಸಿದ್ರ ಮರ್ಯಾದಿ ಹೋತಲ್ರಿ ಅಕ್ಕಾರ?"

"ಹಮಾಲರು ವರ್ಷಾ ಎತ್ತತಾರಂತ. ನಿಮಗ ಗೊತ್ತಿರಲಿಲ್ಲೇನ್ರಿ?"

"ಗೊತ್ತೈತ್ರಿ. ಅದು ಅವರ ಆಟ. ಅದಕ್ಕೂ ತಾಲೀಮಿನ ಕಾಲಕ್ಕೂ ಏನು ಸಂಬಂಧ?" ಎಂದು ಕೊಡೆ ಬಿಚ್ಚಿಕೊಂಡು ಹೊರಟರು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

ಒಡೆಯುವ ಕೆಲಸ ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಕಾಂಕ್ರೀಟಿಗೆ ನೀರು ಹಾಕಿಸಿ ಹಾಕಿಸಿ ಗಟ್ಟಿ ಮಾಡಿದವಳು ನಾನೇ. ಗೌಂಡಿ ಒಡೆಯುವ ಯಂತ್ರ ತರಿಸಿದ್ದ. ಮುಕಾದಮರು ಅದರ ಮುಂದೆ ಹೋಗಿ ನಿಂತುಬಿಟ್ಟರು. ಕಲ್ಲಿನಲ್ಲಿ ಒಂದು ಹಳೆಯ ಬಿರುಕಿನ ಎಳೆ ಇದೆ, ಯಂತ್ರದ ನಡುಕಕ್ಕೆ ಅದು ಎರಡಾದರೆ ಎತ್ತಲು ಇಬ್ಬರು ಬೇಕಾಗುತ್ತಾರೆ ಎಂದರು. ಹಾಗಾಗಿ ಕೈಯಿಂದಲೇ. ಮೊದಲು ಗ್ರಾನೈಟ್ ಹಲಗೆಗಳನ್ನು ಮೀಟಿ ಬಿಡಿಸಿದರು. ಆಮೇಲೆ ಮೂರುಕಾಲಿನ ಕಂಬ ಕಟ್ಟಿ, ಸರಪಳಿ ರಾಟೆ ತೂಗುಹಾಕಿ, ಕಲ್ಲಿಗೆ ಗೋಣಿತಟ್ಟು ಸುತ್ತಿ ಪಟ್ಟಿ ಬಿಗಿದು ತೂಕವನ್ನು ಮೇಲಿನಿಂದ ಹಿಡಿದುಕೊಂಡೆವು. ಸಿಮೆಂಟಿನ ಬಟ್ಟಲನ್ನು ಚಾಣ ಇಟ್ಟು, ಸಣ್ಣ ಸುತ್ತಿಗೆಯಿಂದ, ಹಲಸಿನ ತೊಳೆ ಬಿಡಿಸಿದ ಹಾಗೆ ಒಂದೊಂದೇ ಹೋಳು ತೆಗೆಯಬೇಕು. ಚಾಣ ಯಾವಾಗಲೂ ಹೊರಮುಖ. ಕಲ್ಲಿನ ಕಡೆಗೆ ಒಂದು ಏಟೂ ಬೀಳಬಾರದು. ಗೌಂಡಿಯ ಕೈ ಸೋತರೆ ವಳಕಮದಿನ್ನಿಯವನು ಹಿಡಿಯುತ್ತಿದ್ದ. ಒಂದು ಮಧ್ಯಾಹ್ನ ಮಳೆ ಬಂದು ಎಲ್ಲರೂ ತಾಡಪತ್ರಿಯ ಕೆಳಗೆ ಕೂತೆವು. ಸುಮ್ಮನೆ ಕೂತರೂ ಆಯಾಸ ಹೋಗದಂಥ ದಿನಗಳು ಅವು.

ಕಲ್ಲು ಬಿಡಿಸಿಕೊಂಡು ರಾಟೆಯಲ್ಲಿ ತೂಗಿದ ಹೊತ್ತಿಗೆ ಚಪ್ಪಾಳೆ ತಟ್ಟುವ ಹುರುಪು ಯಾರಲ್ಲೂ ಇರಲಿಲ್ಲ. ಕೆಳಗಿಳಿಸಿ ನೋಡಿದರೆ ತಳದ ಮೈಗೆಲ್ಲ ಸಿಮೆಂಟು ಮೆತ್ತಿಕೊಂಡಿತ್ತು. ವಳಕಮದಿನ್ನಿಯವನು ಎರಡೂ ಕೈ ಹಾಕಿ ತಡವಿದ. ಮತ್ತೆ ತಡವಿದ. ಮುಕಾದಮರ ಮುಖ ನೋಡಿದ.

"ಹಿಡಿ ಸಿಗವಲ್ದು," ಎಂದ.

ಆಗ ಗೊತ್ತಾಯಿತು. ಗೌಂಡಿ ಕೆಟ್ಟ ಕಡೆ ಎಂದು ಕೆಳಗೆ ಮಾಡಿಸಿದ್ದು ಎತ್ತುವವರು ಕೈ ಹಾಕಿ ಹಾಕಿ ಸವೆದ ಎರಡು ತಗ್ಗುಗಳನ್ನು. ನಾನು ಕೈಯೂರಿ ಎದ್ದದ್ದು ಅದರಲ್ಲೊಂದು. ಎರಡನ್ನೂ ನಾವು ಸಿಮೆಂಟಿನಿಂದ ತುಂಬಿದ್ದೆವು. ಗೌಂಡಿಗೂ ಪಿಚ್ಚೆನಿಸಿತು. ಟೈಲ್ಸು ತೊಳೆಯುವ ಆ್ಯಸಿಡ್ಡು ಇದೆ, ಸುರಿದರೆ ಗಳಿಗೆಯಲ್ಲಿ ಹೋಗುತ್ತದೆ ಎಂದ. ಬೇಡವೆಂದೆ. ಸಿಮೆಂಟಿನ ಜೊತೆ ಆ ನುಣುಪೂ ಹೋದರೆ ಅದನ್ನು ಮತ್ತೆ ಮಾಡಲು ಯಾವ ಗೌಂಡಿ ಸಿಗುತ್ತಾನೆ? ನೀರು ಚಿಮುಕಿಸಿ ಇಟ್ಟಿಗೆ ಚೂರಿನಿಂದ ತಿಕ್ಕುವುದು ಎಂದಾಯಿತು. ಕೆಲಸ ಬಿಟ್ಟ ಮೇಲೆ ದಿನಾ ಅವನು ಕೂತು ತಿಕ್ಕುತ್ತಿದ್ದ, ಅವನ ಹೆಂಡತಿ ನೀರು ಹಾಕುತ್ತ, "ನನ್ನ ಬೋಗುಣಿ ಒಂದು ದಿನಾರ ಹಿಂಗ ತಿಕ್ಕೀಯೇನು?" ಎಂದು ಕೇಳುತ್ತಿದ್ದಳು. ಬಸ್ಸಿಗೆ ಹೊತ್ತಾದರೂ ನಾನು ಸ್ವಲ್ಪ ನಿಂತು ನೋಡುತ್ತಿದ್ದೆ. ಒಂದು ಸಂಜೆ ಬೂದು ಸಿಮೆಂಟಿನ ನಡುವೆ ಕಪ್ಪು ಮಿಂಚಿತು. ಎಣ್ಣೆ ಹಚ್ಚಿದಂಥ ಕಪ್ಪು. ನನ್ನ ಅಂಗೈ ಇಟ್ಟು ನೋಡಿದೆ. ಅಂಗೈ ಪೂರ್ತಿ ಒಳಗೆ ಕೂತು ಇನ್ನೂ ಜಾಗ ಉಳಿಯಿತು.

ಅಷ್ಟರಲ್ಲಿ ಉಸುಕಿನ ಅಂಗಳ ಕೈ ಕೊಟ್ಟಿತು. ತಗ್ಗು ತೋಡಿ, ಪದರು ಪದರಾಗಿ ತುಂಬಿ, ಸಲಿಕೆಯಿಂದ ಮಟ್ಟ ಮಾಡಿ ಹೋಗಿದ್ದೆ. ರಾತ್ರಿ ಮಳೆಯಾಗಿತ್ತು. ಬೆಳಿಗ್ಗೆ ಬಂದರೆ ಅದು ಎಮ್ಮೆ ಬೀಳುವ ಹೊಂಡವಾಗಿತ್ತು. ಯರಿಮಣ್ಣು ಒಮ್ಮೆ ನೆನೆದರೆ ನೀರನ್ನು ಕೆಳಗೆ ಬಿಡುವುದಿಲ್ಲ. ನಾನು ಮಾಡಿದ್ದು ಸೋರದ ಒಂದು ಬೋಗುಣಿ. ತಳದಿಂದ ರಸ್ತೆಯ ಚರಂಡಿಗೆ ತೂತಿನ ಕೊಳವೆ ಹಾಕಲೇಬೇಕು. ದಾರಿಯಲ್ಲಿ ಹಿಂದಿನ ವಾರವಷ್ಟೇ ಹಾಸಿ ಮುಗಿಸಿದ ಪೇವರ್ ಬ್ಲಾಕುಗಳು.

"ಹಾಸು ಅಂತೀರಿ, ಕೀಳು ಅಂತೀರಿ," ಎಂದರು ಗುತ್ತಿಗೆದಾರರು. "ಒಂದು ಕಲ್ಲಿನ ಸಲುವಾಗಿ ಇಡೀ ಪಾರ್ಕು ಎರಡು ಸಲ ಕಟ್ಟಾಕತ್ತೀನಿ ನಾನು."

ಬ್ಲಾಕು ಕಿತ್ತು ಪಕ್ಕದಲ್ಲಿ ಜೋಡಿಸುವವರ ಜೊತೆ ನಾನೂ ಕೂತೆ. ಅದನ್ನು ನೋಡಿ ಹಮಾಲರು ಇಬ್ಬರು ಬಂದರು, ಆಮೇಲೆ ಇನ್ನಿಬ್ಬರು. ಮುಕಾದಮರು ಕೈ ಹಚ್ಚಲಿಲ್ಲ, ದಂಡೆಯ ಮೇಲೆ ನಿಂತು ಬೈದರು. "ಚೀಲ ಹೊತ್ತಂಗ ಹೊರಬ್ಯಾಡ್ರಿಲೇ, ಅಕ್ಕಾರ ಬ್ಲಾಕು ಅವು, ಎದ್ದು ಮತ್ತ ಮಲಗತಾವು." ಕೊಳವೆ ಹಾಕಿ, ಇಳಿಜಾರು ನೋಡಿ, ಮೇಲಿಂದ ನಾಲ್ಕು ಕೊಡ ನೀರು ಸುರಿದೆವು. ಚರಂಡಿಯ ತುದಿಯಲ್ಲಿ ಕೂತವನು ಕೊಳವೆಯ ಬಾಯಿಗೆ ಕಣ್ಣಿಟ್ಟಿದ್ದ. ಆಮೇಲೆ, "ಬಂತ್ರೀ!" ಎಂದು ಕೂಗಿದ. ನಾನು ಅಲ್ಲೇ ಅಂಚುಗಲ್ಲಿನ ಮೇಲೆ ಕೂತುಕೊಂಡೆ.

ಕಾರಹುಣ್ಣಿಮೆಯ ದಿನ ನನಗೆ ರಜೆ. ಮನೆಯಲ್ಲಿ ಹೋಳಿಗೆ ಮಾಡಿಟ್ಟು ಮಧ್ಯಾಹ್ನದ ಬಸ್ಸು ಹಿಡಿದೆ. "ಇವತ್ತೂ ಹೋಗ್ತೀಯೇನು?" ಎಂದು ಮನೆಯವರು ಕೇಳಿದರು. "ಒಂದು ಸಣ್ಣ ಕೆಲಸ ಐತಿ," ಎಂದೆ. ಮಸ್ಕಿಯಲ್ಲಿ ಬಣ್ಣ ಬಳಿದ ಕೋಡಿನ ಎತ್ತುಗಳು ರಸ್ತೆಗೆ ಅಡ್ಡ ಬಂದು ಬಸ್ಸು ನಿಂತಿತು. ಅಂದು ಮಸ್ಕಿಯಲ್ಲೂ ಸೀಟು ಸಿಗಲಿಲ್ಲ.

ಹೋದಾಗ ಅಂಗಳದ ಸುತ್ತ ಓಣಿಯೇ ನೆರೆದಿತ್ತು. ಹೆಂಗಸರು ಬೇವಿನ ಮರದ ಕಡೆ, ಗಂಡಸರು ಈ ಕಡೆ. ಎಂಜಿನಿಯರ್ ಸಾಹೇಬರು ಬಂದಿದ್ದರು, ಯಾರಾದರೂ ಕಾಲು ಮುರಿದುಕೊಂಡಾರೆಂಬ ಭಯಕ್ಕೆ. ಮೊದಲು ಹಳೆಯ ಹಮಾಲರು ಒಬ್ಬೊಬ್ಬರಾಗಿ ಎತ್ತಿ ಒಗೆದರು. ಅವರಿಗದು ಪ್ರತಿ ವರ್ಷದ ಕೆಲಸ, ತಮಾಷೆ ಮಾಡುತ್ತಲೇ ಮುಗಿಸಿದರು. ಆಮೇಲೆ ಮುಕಾದಮರು ಹೆಸರು ಹಿಡಿದು ಕರೆಯಲಿಲ್ಲ. "ಹೊಸಬ," ಎಂದರು. "ಮೂರು ಸಲ. ಅಷ್ಟ."

ವಳಕಮದಿನ್ನಿಯವನು ಅಂಗಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ. ಮೊದಲ ಸಲ ಮೊಣಕಾಲಿನವರೆಗೆ ಬಂತು, ಜಾರಿತು. ಉಸುಕು ಧೊಪ್ಪೆಂದಿತು.

"ಒಂದು," ಎಂದು ಯಾರೋ ಎಣಿಸಿದರು. ತಿರುಗಿ ನೋಡಿದರೆ ಮಾಸ್ತರರು. ಯಾವಾಗ ಬಂದರೋ, ಗಂಡಸರ ಸಾಲಿನ ಮುಂದೆ ಕೊಡೆ ಊರಿಕೊಂಡು ನಿಂತಿದ್ದರು.

"ಮಾಸ್ತರ, ಬರ್ರಿ, ನೀವೊಂದು ಕೈ ನೋಡ್ರಿ," ಎಂದ ಹಮಾಲರಲ್ಲೊಬ್ಬ.

"ನಾ ಎಣಿಸಾಂವ. ಸುಮ್ನಿರಲೇ," ಎಂದರು ಮಾಸ್ತರರು.

ಎರಡನೆಯ ಸಲ ಎದೆಯವರೆಗೆ ತಂದ. ಅಲ್ಲಿ ಹಿಡಿದು ನಿಂತ. ಮೇಲೆ ಹೋಗಲಿಲ್ಲ. ಕೆಡವಲೂ ಇಲ್ಲ, ಬಗ್ಗಿ ಮೆಲ್ಲಗೆ ಉಸುಕಿನ ಮೇಲೆ ಇಟ್ಟ.

"ಯಾಕಲೇ, ಕೂಸು ಮಲಗಿಸಾಕತ್ತೀಯೇನು?" ಮುಕಾದಮರು ಗುಡುಗಿದರು.

"ಅಕ್ಕಾರ ಅಂಚು ಒಡೀತೈತ್ರಿ," ಎಂದ ಏದುಸಿರಿನಲ್ಲಿ. "ಹೊಸಾದು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಅಂಚುಗಲ್ಲುಗಳನ್ನು ಅವನೇ ಕೂಡಿಸಿದ್ದ. ಒಂದು ಓರೆಯಾಗಿದೆಯೆಂದು ನಾನು ಅವನಿಂದ ಎರಡು ಸಲ ತೆಗೆಸಿ ಹಾಕಿಸಿದ್ದೆ. ಎಂಜಿನಿಯರ್ ಸಾಹೇಬರು ನನ್ನ ಪಕ್ಕದಲ್ಲೇ ಇದ್ದರು. ಆದರೂ ಕೂಗಿಬಿಟ್ಟೆ.

"ಒಡೀಲಿ ಬಿಡಪಾ! ಒಗಿ!"

ಮೂರನೆಯ ಸಲ ಅವನು ಬಹಳ ಹೊತ್ತು ಬಗ್ಗಿಯೇ ಇದ್ದ. ಕೈಗಳು ಕಲ್ಲಿನ ಕೆಳಗೆ ಆ ತಗ್ಗುಗಳನ್ನು ಹುಡುಕುತ್ತಿದ್ದವು. ಸಿಕ್ಕ ಮೇಲೆ ಅವನ ಬೆನ್ನು ಒಮ್ಮೆ ಸಡಿಲಾಯಿತು, ಆಮೇಲೆ ಬಿಗಿಯಿತು. ಮೊಣಕಾಲು, ತೊಡೆ, ಎದೆ. ಎದೆಯ ಮೇಲೆ ಒಂದು ಉಸಿರು. ಹೆಗಲಿಗೆ ಹತ್ತಿದ್ದನ್ನು ನಾನು ನೋಡಲಿಲ್ಲ, ಅವನ ಹೆಂಡತಿ ಅಂಗಿಯನ್ನು ಬಾಯಿಗೆ ಒತ್ತಿಕೊಂಡಿದ್ದನ್ನು ನೋಡುತ್ತಿದ್ದೆ. ಕಲ್ಲು ಹಿಂದಕ್ಕೆ ಬಿತ್ತು. ಉಸುಕಿಗೆ ಬಿದ್ದು, ಉರುಳಿ, ಅಂಚಿಗೆ ಹೊಡೆದು ನಿಂತಿತು. ಒಂದು ಅಂಚುಗಲ್ಲಿನ ಮೂಲೆ ಹಾರಿಹೋಯಿತು.

"ಮೂರು," ಎಂದರು ಮಾಸ್ತರರು.

ಮುಕಾದಮರು ಮುಂದೆ ಬಂದರು. ತಲೆಯ ಟವೆಲ್ಲು ಬಿಚ್ಚಿ ಅವನ ಹೆಗಲ ಮೇಲೆ ಹಾಕಿದರು. "ನಾಳೆ ನಸಿಕಿನ್ಯಾಗ ಬಾ. ಹೊಟ್ಟಿ ತುಂಬ ಉಂಡು ಬಾ," ಎಂದರು. ಅಷ್ಟೇ.

ಮಾರನೆಯ ವಾರ ಮುಗಿದ ಕೆಲಸದ ನಕ್ಷೆ ಬರೆಯಬೇಕಿತ್ತು. ಕಟ್ಟಿದ್ದೆಲ್ಲ ಎಲ್ಲೆಲ್ಲಿ ಇದೆಯೋ ಹಾಗೆಯೇ ಅಳೆದು ಹಾಳೆಗಿಳಿಸುವುದು; ಅದನ್ನು ಒಪ್ಪಿಸಿದರೆ ನನ್ನ ಪಾಲಿನದು ಮುಗಿಯಿತು. ಎಂಜಿನಿಯರ್ ಸಾಹೇಬರು ಒಡೆದ ಅಂಚುಗಲ್ಲು ಬದಲಿಸಲು ಹೇಳಿದ್ದರು. ಹೊಸ ಕಲ್ಲೂ ಬಂದಿತ್ತು. ನಾನು ಅದನ್ನು ಬೇವಿನ ಮರದ ಬುಡಕ್ಕೆ ಇಡಿಸಿ, ಕೂರಲು ಒಂದು ಆಸರೆಯಾಯಿತು ಎಂದೆ. ಅವರು ಒಮ್ಮೆ ನೋಡಿ ಮುಂದೆ ನಡೆದರು. ಮಾಸ್ತರರು ತಮ್ಮ ಬರಹವನ್ನು ಇನ್ನೂ ತಿದ್ದುತ್ತಿದ್ದಾರೆ, ಮುಗಿದಿಲ್ಲವಂತೆ. ಅಂಗಳದ ಪಕ್ಕ ಅದರ ಫಲಕಕ್ಕೆ ಬಿಟ್ಟ ಜಾಗ ಖಾಲಿ ಇದೆ.

ಮರದಿಂದ ಕಲ್ಲಿಗೆ ಟೇಪು ಹಿಡಿದು ಅಳತೆ ಬರೆದುಕೊಂಡು ಡಬ್ಬಿ ಬಿಚ್ಚಿದೆ. ಉಂಡು ಕೈ ತೊಳೆದು ಬರುವಷ್ಟರಲ್ಲಿ ಮಿಲ್ಲಿನಿಂದ ಊಟಕ್ಕೆ ಬಂದಿದ್ದ ಯಾರೋ ಹಮಾಲರು ಒಂದು ಕೈ ನೋಡಿ ಹೋಗಿದ್ದರು. ಕಲ್ಲು ಅಂಗಳದ ಆ ಬದಿಗಿತ್ತು. ಬರೆದ ಅಳತೆಯನ್ನು ಹೊಡೆದುಹಾಕಿದೆ. ಮತ್ತೆ ಅಳೆಯಲಿಲ್ಲ. ಅಂಗಳದ ಗೆರೆ ಗಟ್ಟಿಯಾಗಿ ಎಳೆದು, ಒಳಗೆ ಚುಕ್ಕಿ ಚುಕ್ಕಿಯಾಗಿ ಒಂದು ಸೊನ್ನೆ ಸುತ್ತಿ, ಪಕ್ಕದಲ್ಲಿ 'ಗುಂಡುಕಲ್ಲು, ಇದರೊಳಗೆ ಎಲ್ಲಾದರೂ' ಎಂದು ಬರೆದೆ.

ಬಸ್ಸಿಗೆ ಹೊತ್ತಾಗಿತ್ತು. ಮಸ್ಕಿಯವರೆಗೆ ನಿಂತು, ಆಮೇಲೆ ಸೀಟು ಸಿಕ್ಕಿ ಕೂತು ಚಪ್ಪಲಿ ಬಿಚ್ಚಿದೆ. ಒಳಗೆ ಉಸುಕಿತ್ತು. ಲಿಂಗಸುಗೂರು ಬರುವವರೆಗೂ ಕೊಡವಲು ಬೇಸರವಾಗಿ ಹಾಗೆಯೇ ಕೂತಿದ್ದೆ.